ಸಂವಿಧಾನ ತಿದ್ದಲು ರಾಜ್ಯಗಳನ್ನು ಕೇಳಬೇಕೇ?

ಚುನಾವಣೆ ಹತ್ತಿರ ಬಂತೆಂದರೆ ಶಿರಸಿ, ಕಾರವಾರದ ಕಡೆ ಈ ಪ್ರಶ್ನೆ ಏಳುತ್ತದೆ: "ದಿಲ್ಲಿಯಲ್ಲಿ ಮೂರನೇ ಎರಡು ಬಹುಮತ ಇದ್ದರೆ ಸಂವಿಧಾನ ತಿದ್ದಬಹುದಲ್ಲ, ರಾಜ್ಯವನ್ನು ಕೇಳುವವರು ಯಾರು?" ಯಾವ ವಿಧಿಗೆ ಕೈ ಹಾಕುತ್ತಾರೆ ಎಂದು ಮೊದಲು ನೋಡಬೇಕು.

ಸಂವಿಧಾನ ತಿದ್ದುವ ಕ್ರಮ ಹೇಳುವ 368ನೇ ವಿಧಿಯ ಲೆಕ್ಕದಲ್ಲೇ ಹಲವರು ಎಡವುತ್ತಾರೆ. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು, ಜೊತೆಗೆ ಸದನದ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚೂ ಬೇಕು. ಲೋಕಸಭೆಯಲ್ಲಿ 400 ಮಂದಿ ಮತ ಹಾಕಿದರೆ ಮೂರನೇ ಎರಡು ಎಂದರೆ 267. ಅಷ್ಟು ಸಾಲದು; 543ರ ಲೆಕ್ಕದಲ್ಲಿ 272 ಮುಟ್ಟಲೇಬೇಕು. ರಾಜ್ಯಸಭೆಯಲ್ಲೂ ಇದೇ ಕ್ರಮ. ಅಲ್ಲಿ ಬಿದ್ದರೆ ಮಸೂದೆಯ ಕತೆ ಮುಗಿಯಿತು, ಎರಡೂ ಸದನಗಳನ್ನು ಒಟ್ಟಿಗೆ ಕೂರಿಸಿ ಮತಕ್ಕೆ ಹಾಕುವ ಜಂಟಿ ಅಧಿವೇಶನ ಕರೆಯುವಂತಿಲ್ಲ.

ಕೊಂಕಣಿ 1992ರಲ್ಲಿ 71ನೇ ತಿದ್ದುಪಡಿಯಿಂದ ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಅನುಸೂಚಿಗೆ ಸೇರಿದ್ದಕ್ಕೆ ಇಷ್ಟೇ ಸಾಕಾಯಿತು. ರಾಷ್ಟ್ರಪತಿ ಚುನಾವಣೆ, ಹೈಕೋರ್ಟು, ಕೇಂದ್ರ-ರಾಜ್ಯಗಳ ಅಧಿಕಾರ ಹಂಚಿಕೆಯ ಪಟ್ಟಿಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಸ್ವತಃ 368ನೇ ವಿಧಿ, ಇಂಥವನ್ನು ಮುಟ್ಟಿದರೆ ಮಾತ್ರ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳೂ ನಿರ್ಣಯದ ಮೂಲಕ ಒಪ್ಪಬೇಕು. ಈಗಿನ 28ರಲ್ಲಿ 14. ಅದಾದ ಮೇಲೆಯೇ ರಾಷ್ಟ್ರಪತಿಯ ಅಂಕಿತ.

ರಾಜ್ಯಗಳ ಒಪ್ಪಿಗೆ ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಹಕಾರಿ ಸೊಸೈಟಿಗಳ ಊರಾದ ಶಿರಸಿಯವರು 97ನೇ ತಿದ್ದುಪಡಿಯನ್ನು ನೋಡಬೇಕು. ಸಹಕಾರಿ ಸಂಘಗಳಲ್ಲಿ ನಿರ್ದೇಶಕರು 21 ಮೀರಬಾರದು, ಆಡಳಿತ ಮಂಡಳಿಯ ಅವಧಿ 5 ವರ್ಷ ಎಂದೆಲ್ಲ ಅದು ಹೇಳಿತು. ಸಹಕಾರ ರಾಜ್ಯಪಟ್ಟಿಯ ವಿಷಯ, ಅಂದರೆ ಕಾನೂನು ಮಾಡುವುದು ರಾಜ್ಯಗಳ ಅಧಿಕಾರ. ಪಟ್ಟಿಯ ಒಂದಕ್ಷರವನ್ನೂ ಬದಲಿಸಿಲ್ಲ ಎಂದು ಕೇಂದ್ರ ವಾದಿಸಿತು. ಅಕ್ಷರ ಉಳಿಸಿ ಅಧಿಕಾರ ಮೊಟಕುಗೊಳಿಸಿದರೂ ರಾಜ್ಯಗಳ ಒಪ್ಪಿಗೆ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2021ರ ಜುಲೈಯಲ್ಲಿ ಹೇಳಿ, ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಆ ಭಾಗವನ್ನು ರದ್ದು ಮಾಡಿತು. ಬಹುರಾಜ್ಯ ಸಂಘಗಳಿಗೆ ಅದು ಉಳಿಯಿತು.

ರಾಜ್ಯಗಳು ಒಪ್ಪಿದರೂ ಗೆದ್ದಂತಲ್ಲ. ನ್ಯಾಯಾಧೀಶರ ನೇಮಕಾತಿಯ 99ನೇ ತಿದ್ದುಪಡಿಗೆ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಸಹಿ ಹಾಕಿದ್ದವು. ಸಂವಿಧಾನದ ಮೂಲ ಸ್ವರೂಪಕ್ಕೆ, ಅಂದರೆ ಯಾವ ಬಹುಮತವೂ ಕೆಡಿಸಲಾಗದ ಅದರ ತಿರುಳಿಗೆ, ಧಕ್ಕೆ ಎಂದು ಸುಪ್ರೀಂ ಕೋರ್ಟಿನಲ್ಲಿ 2015ರಲ್ಲಿ ಅದೂ ಹೋಯಿತು.

ಕಾರವಾರದವರ ಗಡಿ ಪ್ರಶ್ನೆಗೆ ಮಾತ್ರ ದಾರಿ ಬೇರೆ, ನನಗೆ ವಿಚಿತ್ರವೆನಿಸುವುದೂ ಅದೇ. ಸೊಸೈಟಿಯ ನಿರ್ದೇಶಕರ ಸಂಖ್ಯೆಗೆ ಅರ್ಧ ದೇಶದ ಒಪ್ಪಿಗೆ ಬೇಕು, ಜಿಲ್ಲೆಯನ್ನೇ ಇನ್ನೊಂದು ರಾಜ್ಯಕ್ಕೆ ಸೇರಿಸಲು 3ನೇ ವಿಧಿಯಡಿ ಸಾದಾ ಬಹುಮತ ಸಾಕು. ಮಸೂದೆಗೆ ರಾಷ್ಟ್ರಪತಿಯ ಶಿಫಾರಸು ಬೇಕು. ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯವನ್ನು ಗಡುವು ಕೊಟ್ಟು ಕೇಳುತ್ತಾರೆ, ಆದರೆ ಅದಕ್ಕೆ ಸಂಸತ್ತು ಕಟ್ಟುಬೀಳಬೇಕಿಲ್ಲ. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದದ್ದು ಸಂಸತ್ತು ಮಾಡಿದ ಇಂಥದೇ ಕಾಯ್ದೆಯಿಂದ.