ಶೆಫೀಲ್ಡ್‌ನಲ್ಲಿ ಬಿಟರ್ ತಯಾರಿಸಿದ ಒಂದು ಶನಿವಾರ

ಕೆಲಸಕ್ಕೆಂದು ಶೆಫೀಲ್ಡ್‌ಗೆ ಬಂದಾಗ ಬಿಯರಿನ ಬಗ್ಗೆ ನನಗಿದ್ದ ತಿಳಿವಳಿಕೆಯೆಲ್ಲ ಬೆಂಗಳೂರಿನದು. ಅದು ಲಾಗರ್ ಆಗಿರಬೇಕು, ಗ್ಲಾಸಿನ ಹೊರಮೈ ಬೆವರುವಷ್ಟು ತಣ್ಣಗಿರಬೇಕು, ಬಾಟಲಿಯ ಮೇಲೆ ‘ಸ್ಟ್ರಾಂಗ್’ ಎಂದು ಬರೆದಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂದು ನಂಬಿದ್ದೆ. ಇಂಗ್ಲೆಂಡಿನ ಸಾಂಪ್ರದಾಯಿಕ ಬಿಯರಾದ ಬಿಟರ್ ಈ ಎಣಿಕೆಗಳಲ್ಲಿ ಒಂದಕ್ಕೂ ಒಗ್ಗುವುದಿಲ್ಲ. ಅದನ್ನು ನೆಲಮಾಳಿಗೆಯ ತಂಪಿನಲ್ಲಿ, ಅಂದರೆ 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುಡಿಯಲು ಕೊಡುತ್ತಾರೆ. ಸಾಮಾನ್ಯ ಬಿಟರಿನಲ್ಲಿ ಮದ್ಯಸಾರ ಶೇಕಡಾ 4ರ ಆಸುಪಾಸಿನಲ್ಲಿರುತ್ತದೆ. ಗುಳ್ಳೆಗಳ ಚುರುಕೂ ಕಡಿಮೆ. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಜೀವಂತವಾಗಿದ್ದು, ಅಲ್ಲಿಯೇ ಎರಡನೆಯ ಸಲ ಹುದುಗಿ, ತಾನೇ ಹುಟ್ಟಿಸಿದ ಅನಿಲದಿಂದ ಹದಕ್ಕೆ ಬರುವ ಬಿಯರ್ ಇದು. ಪಬ್ಬಿನವರು ಅದನ್ನು ಕೈಪಂಪಿನಿಂದ ಎಳೆದು ಗ್ಲಾಸಿಗೆ ತುಂಬುತ್ತಾರೆ. ಒಮ್ಮೆ ತೆರೆದ ಪೀಪಾಯಿ ಮೂರು ದಿನಗಳಲ್ಲಿ ಖಾಲಿಯಾಗದಿದ್ದರೆ ರುಚಿ ಇಳಿಯತೊಡಗುತ್ತದೆ.

ಕೆಲಮ್ ಐಲೆಂಡ್ ಎಂಬ ಹಳೆಯ ಕಾರ್ಖಾನೆಗಳ ಬಡಾವಣೆಯ ಪಬ್ಬೊಂದರಲ್ಲಿ ಕುಡಿದ ಮೊದಲ ಪಿಂಟ್ ನನಗೆ ಸಪ್ಪೆಯೆನಿಸಿತ್ತು. ಅಲ್ಲಿಗೆ ಹೋಗಿಬರುತ್ತಾ ಬಂದಂತೆ, ಗೆಳೆಯರೊಡನೆ ಸಂಜೆಯೆಲ್ಲ ಮಾತನಾಡುತ್ತ ಕುಳಿತರೂ ಬಾಯಿಗೆ ಬೇಸರ ತಾರದ, ತಲೆಗೂ ಏರದ ಈ ಬಿಯರನ್ನು ಮಾಡಲು ಎಷ್ಟು ಕೌಶಲ ಬೇಕೆಂದು ಅರಿವಾಗತೊಡಗಿತು. ಹೆಚ್ಚು ಮದ್ಯಸಾರ, ಹೆಚ್ಚು ಸಿಹಿ, ಕೊರೆಯುವ ತಂಪು ಇವೆಲ್ಲ ಕೆಲಸದ ಕೊರತೆಗಳನ್ನು ಮುಚ್ಚಿಬಿಡುತ್ತವೆ. ಬಿಟರಿಗೆ ಆ ಹೊದಿಕೆಗಳಿಲ್ಲ. ಅದರಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಕಹಿಯನ್ನೂ ಪರಿಮಳವನ್ನೂ ಕೊಡುವ ಹೂ), ಯೀಸ್ಟ್, ನೀರು ನಾಲ್ಕೂ ತಮ್ಮ ನಿಜವಾದ ರುಚಿಯಲ್ಲೇ ನಾಲಿಗೆಗೆ ಸಿಗುತ್ತವೆ. ಅದನ್ನು ಕೈಯಾರೆ ಮಾಡಿ ನೋಡಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು ಈ ಕಾರಣಕ್ಕೆ.

ಆಸೆಗೆ ದಾರಿ ತೋರಿದವರು ಪಕ್ಕದ ಮನೆಯ ಹಿರಿಯರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರು, 1970ರ ದಶಕದಲ್ಲಿ ಬೂಟ್ಸ್ ಔಷಧಿ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತಿದ್ದ ಮಾಲ್ಟ್ ಪಾಕದಿಂದ ಆರಂಭಿಸಿ, ಆಮೇಲೆ ಧಾನ್ಯದಿಂದಲೇ ಬಿಯರ್ ಮಾಡುವುದನ್ನು ರೂಢಿಸಿಕೊಂಡವರು. ಅವರ ತಾರುಣ್ಯದ ಬಿಯರ್ ಸ್ಟೋನ್ಸ್ ಬಿಟರ್. ಶೆಫೀಲ್ಡಿನ ನೀಪ್ಸೆಂಡ್‌ನ ಕ್ಯಾನನ್ ಬ್ರೂವರಿಯಲ್ಲಿ 1948ರಲ್ಲಿ ಆರಂಭವಾದ, ತಿಳಿ ಹೊನ್ನಿನ ಬಣ್ಣದ ಆ ಬಿಟರ್, ಕುಲುಮೆಯ ಮುಂದೆ ಪಾಳಿ ಮುಗಿಸಿ ಬರುವ ಉಕ್ಕಿನ ಕಾರ್ಮಿಕರ ದಾಹಕ್ಕೆಂದೇ ಹುಟ್ಟಿದ್ದು. 1999ರಲ್ಲಿ ಆ ಬ್ರೂವರಿ ಮುಚ್ಚಿತು; ಅದೇ ವರ್ಷ ಊರಿನ ಇನ್ನೊಂದು ಹಳೆಯ ಬ್ರೂವರಿ ವಾರ್ಡ್ಸ್ ಕೂಡ ಬಾಗಿಲೆಳೆಯಿತು. ಇದನ್ನು ಹೇಳುವಾಗ ಅವರ ದನಿಯಲ್ಲಿದ್ದ ನೋವು ನನಗೆ ಚೆನ್ನಾಗಿ ಅರ್ಥವಾಯಿತು, ಏಕೆಂದರೆ ಊರಿನ ನೀರಿನಿಂದ ಊರಿನವರಿಗಾಗಿ ಮಾಡಿದ ರುಚಿಯೊಂದು ಹೋದರೆ ಅದನ್ನು ಬೇರೆಡೆಯಿಂದ ತರಿಸಿಕೊಳ್ಳಲಾಗದು.

ಮನೆಯಲ್ಲಿ ಬಿಯರ್ ಮಾಡುವುದು ಕಾನೂನಿಗೆ ಒಪ್ಪಿಗೆಯೇ ಎಂದು ನಾನು ಮೊದಲು ಕೇಳಿದ್ದೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧವಾದ್ದರಿಂದ ಆ ಅನುಮಾನ ಸಹಜವಾಗಿತ್ತು. ಇಲ್ಲಿಯೂ 1880ರ ಕಾಯಿದೆಯಿಂದ ಮನೆಯ ಬಿಯರಿಗೆ ಪರವಾನಗಿ ಬೇಕಾಗಿತ್ತು. 1963ರಲ್ಲಿ ಹಣಕಾಸು ಸಚಿವರಾಗಿದ್ದ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಅಂದಿನಿಂದ ಸ್ವಂತ ಬಳಕೆಗೆ ಎಷ್ಟಾದರೂ ಮಾಡಿಕೊಳ್ಳಬಹುದು, ಮಾರುವಂತಿಲ್ಲ.

ಅಕ್ಟೋಬರಿನ ಒಂದು ಶನಿವಾರ ಬೆಳಗ್ಗೆ ಎಂಟಕ್ಕೇ ಅವರ ಗ್ಯಾರೇಜಿನಲ್ಲಿ ಸೇರಿದೆವು. ಮೊದಲ ಕೆಲಸ ನೀರಿನದು, ಮತ್ತು ನನ್ನ ಎಣಿಕೆಯಲ್ಲಿ ಆ ದಿನದ ಅತ್ಯಂತ ಮುಖ್ಯವಾದ ಪಾಠವೂ ಅದೇ. ಶೆಫೀಲ್ಡ್‌ನ ನಲ್ಲಿಗೆ ಬರುವ ನೀರು ಪಶ್ಚಿಮದ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ಜಲಾಶಯಗಳದು. ಸುಣ್ಣವಿಲ್ಲದ ಮರಳುಗಲ್ಲು ಮತ್ತು ಜೌಗುಮಣ್ಣಿನ ಮೇಲೆ ಹರಿದು ಬರುವುದರಿಂದ ಬಲು ಮೆದು. ಚಹಾಕ್ಕೆ ಅದು ಸೊಗಸಾಗಿದ್ದರೂ ಬಿಟರಿಗೆ ಸ್ವಲ್ಪ ಗಡಸು ನೀರು ಬೇಕು. ಸ್ಟಾಫರ್ಡ್‌ಶೈರ್‌ನ ಬರ್ಟನ್ ಅಪಾನ್ ಟ್ರೆಂಟ್ ಎಂಬ ಊರು ಬಿಯರಿನ ರಾಜಧಾನಿಯಾದದ್ದು ಅಲ್ಲಿನ ಬಾವಿಗಳ ನೀರಿನಿಂದ. ಜಿಪ್ಸಂ ಪದರಗಳ ಮೂಲಕ ಇಳಿದು ಬರುವ ಆ ನೀರಿನಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ತುಂಬಿರುತ್ತದೆ. ಕ್ಯಾಲ್ಸಿಯಂ ಮಾಲ್ಟಿನ ಕಿಣ್ವಗಳಿಗೆ ಅನುಕೂಲವಾದ ಆಮ್ಲೀಯತೆಯನ್ನು ಒದಗಿಸಿದರೆ, ಸಲ್ಫೇಟ್ ಹಾಪ್ಸ್‌ನ ಕಹಿಯನ್ನು ಚೊಕ್ಕಟವಾಗಿ, ಒಣಗಿದಂತೆ ನಾಲಿಗೆಯಲ್ಲಿ ಮುಗಿಸುತ್ತದೆ. ಬಾಸ್, ಆಲ್‌ಸಾಪ್ ಮುಂತಾದ ಬರ್ಟನ್ ಬ್ರೂವರಿಗಳು 1820ರ ದಶಕದಿಂದ ಭಾರತಕ್ಕೆ ಹಡಗಿನಲ್ಲಿ ಕಳಿಸಿದ ತಿಳಿಬಣ್ಣದ ಏಲ್ (ಪೇಲ್ ಏಲ್ ಎಂಬ ಬಿಯರ್) ಹೆಸರಾದದ್ದೂ ಈ ನೀರಿನ ಬಲದಿಂದಲೇ. ಮುಂದೆ ಇಂಗ್ಲೆಂಡಿನ ಪಬ್ಬುಗಳಲ್ಲಿ ಬಿಟರ್ ಎಂದು ಕರೆಸಿಕೊಂಡದ್ದು ಆ ಪೇಲ್ ಏಲ್ ಮನೆತನದ್ದೇ ಬಿಯರ್. ನಮ್ಮ ದೇಶದ ಕಂಟೋನ್ಮೆಂಟುಗಳಿಗೆ ಬಂದಿಳಿಯುತ್ತಿದ್ದ ಬಿಯರಿನ ಹತ್ತಿರದ ಸಂಬಂಧಿಯನ್ನು ನಾನು ಶೆಫೀಲ್ಡ್‌ನ ಗ್ಯಾರೇಜಿನಲ್ಲಿ ಮಾಡುತ್ತಿದ್ದೇನೆಂಬ ಯೋಚನೆ ನನಗೆ ಬಹಳ ಹಿಡಿಸಿತು.

ನಾವು 30 ಲೀಟರ್ ನೀರಿಗೆ 8 ಗ್ರಾಂ ಜಿಪ್ಸಂ ಪುಡಿ ಬೆರೆಸಿದೆವು. ಅದರಿಂದ ಲೀಟರಿಗೆ ಸುಮಾರು 150 ಮಿಲಿಗ್ರಾಂ ಸಲ್ಫೇಟ್ ಸೇರುತ್ತದೆ. ಬರ್ಟನ್ನಿನ ಬಾವಿಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ನಲ್ಲಿ ನೀರಿನ ಕ್ಲೋರಿನ್ ಬಿಯರಿಗೆ ಔಷಧಿಯ ವಾಸನೆ ಕೊಡುವುದರಿಂದ, ಅದನ್ನು ಕಳೆಯಲು ಅರ್ಧ ಕ್ಯಾಂಪ್ಡೆನ್ ಮಾತ್ರೆಯನ್ನು ಪುಡಿಮಾಡಿ ಹಾಕಿದೆವು.

ಧಾನ್ಯ 4 ಕಿಲೋ ಮಾರಿಸ್ ಆಟರ್ ಮಾಲ್ಟ್, ಜೊತೆಗೆ ಬಣ್ಣಕ್ಕೂ ತುಸು ಸಕ್ಕರೆಪಾಕದ ರುಚಿಗೂ 150 ಗ್ರಾಂ ಕ್ರಿಸ್ಟಲ್ ಮಾಲ್ಟ್. ಮಾರಿಸ್ ಆಟರ್ ಎಂಬುದು ಕೇಂಬ್ರಿಜ್‌ನ ಸಸ್ಯತಳಿ ಸಂಸ್ಥೆಯಲ್ಲಿ ರೂಪುಗೊಂಡು 1960ರ ದಶಕದ ನಡುವೆ ರೈತರ ಹೊಲ ಸೇರಿದ ಬಾರ್ಲಿ ತಳಿ. ಇಳುವರಿಯಲ್ಲಿ ಹೊಸ ತಳಿಗಳ ಮುಂದೆ ಹಿಂದೆ ಬಿದ್ದರೂ, ಬಿಟರ್ ಮಾಡುವವರು ಅದರ ಬಿಸ್ಕತ್ತಿನಂಥ ರುಚಿಗಾಗಿ ಹೆಚ್ಚು ಬೆಲೆ ಕೊಟ್ಟು ಇಂದಿಗೂ ಉಳಿಸಿಕೊಂಡಿದ್ದಾರೆ. ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದಾಗ ನನಗೆ ತುಮಕೂರಿನ ನಮ್ಮ ಮನೆಯ ರಾಗಿ ಮಾಲ್ಟ್ ನೆನಪಾಯಿತು. ಅಮ್ಮ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಸುತ್ತಿದ್ದರು. ಮೊಳೆತ ರಾಗಿಯ ಗಂಜಿ ಸಾದಾ ರಾಗಿಯ ಗಂಜಿಗಿಂತ ತೆಳ್ಳಗೂ ಸಿಹಿಯಾಗಿಯೂ ಇರುವುದು ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದರಿಂದ. ಬ್ರೂವರಿಯವರು ಬಾರ್ಲಿಯಿಂದ ಮಾಡಿಸುವುದೂ ಇದೇ ಕೆಲಸವನ್ನು.

ಆ ಕಿಣ್ವಗಳಿಗೆ ಬೇಕಾದ ಶಾಖ ಕೊಡುವುದೇ ಮ್ಯಾಶ್ ಎಂಬ ಹಂತ. ಪಿಕ್ನಿಕ್ಕಿಗೆ ಒಯ್ಯುವ, ಶಾಖ ಹೊರಹೋಗದ ದೊಡ್ಡ ಪೆಟ್ಟಿಗೆಯೊಂದರ ತಳಕ್ಕೆ ಸೀಳುಗಳಿರುವ ತಾಮ್ರದ ಕೊಳವೆ ಜೋಡಿಸಿ ಹಿರಿಯರು ಅದನ್ನೇ ಮ್ಯಾಶ್ ಪಾತ್ರೆಯಾಗಿಸಿಕೊಂಡಿದ್ದರು. ಅದಕ್ಕೆ 75 ಡಿಗ್ರಿಯ 10 ಲೀಟರ್ ನೀರು ಹಾಕಿ, ಒಡೆದ ಮಾಲ್ಟನ್ನು ಗಂಟುಕಟ್ಟದಂತೆ ಸ್ವಲ್ಪ ಸ್ವಲ್ಪವೇ ಸುರಿದು ಕಲಕಿದಾಗ ಶಾಖ 67ಕ್ಕೆ ಬಂದು ನಿಂತಿತು. ಎರಡು ಡಿಗ್ರಿ ಕೆಳಗಿಳಿದರೆ ಯೀಸ್ಟ್ ಸುಲಭವಾಗಿ ತಿನ್ನಬಲ್ಲ ಸಕ್ಕರೆ ಹೆಚ್ಚಿ ಬಿಯರ್ ತೆಳುವಾಗುತ್ತದೆ. ಎರಡು ಡಿಗ್ರಿ ಮೇಲೇರಿದರೆ ಹುದುಗದ ಸಕ್ಕರೆ ಉಳಿದು ದಪ್ಪವಾಗುತ್ತದೆ. ಶೇಕಡಾ 4ಕ್ಕೂ ಕಡಿಮೆ ಮದ್ಯಸಾರದ ಬಿಯರಿಗೆ ಮೈಕಟ್ಟು ಕೊಡುವುದು ಈ ಸಣ್ಣ ಅಂತರವೇ. ಮುಚ್ಚಳ ಹಾಕಿ ಹಳೆಯ ರಗ್ಗು ಹೊದಿಸಿ ಒಂದು ಗಂಟೆ ಬಿಟ್ಟೆವು. ನಾನು ತೆರೆದು ನೋಡಲು ಕೈಹಾಕಿದಾಗ, ‘ಬಿಡು, ಅದರ ಪಾಡಿಗೆ ಅದು ಕೆಲಸ ಮಾಡಿಕೊಳ್ಳುತ್ತದೆ’ ಎಂದು ತಡೆದರು. ಗಂಟೆ ಕಳೆದ ಮೇಲೆ ಒಂದು ಹನಿ ರಸವನ್ನು ಬಿಳಿ ತಟ್ಟೆಗೆ ಬಿಟ್ಟು ಅಯೋಡಿನ್ ಸೋಕಿಸಿದೆವು. ನೀಲಿ ಬಣ್ಣ ಬರಲಿಲ್ಲ, ಪಿಷ್ಟವೆಲ್ಲ ಸಕ್ಕರೆಯಾಗಿತ್ತು.

ಆಮೇಲಿನದು ಹೆಚ್ಚಾಗಿ ಮೈಕೆಲಸ. ಉಳಿದ 20 ಲೀಟರನ್ನು 77 ಡಿಗ್ರಿಗೆ ಕಾಯಿಸಿ ಧಾನ್ಯದ ಮೇಲೆ ನಿಧಾನವಾಗಿ ಚಿಮುಕಿಸುತ್ತಾ, ಕೆಳಗಿನ ನಲ್ಲಿಯಿಂದ ಬರುವ ಸಿಹಿ ರಸವನ್ನು ವಿದ್ಯುತ್ ಬಾಯ್ಲರಿಗೆ ತುಂಬಿಸಿದೆವು. ಉಳಿದ ಹೊಟ್ಟು ಅವರ ಮಗಳ ಮನೆಯ ಕೋಳಿಗಳಿಗೆ ಹೋಯಿತು.

ರಸ ಉಕ್ಕಿ ಕುದಿಯತೊಡಗಿದ ಮೇಲೆ ಹಾಪ್ಸ್‌ನ ಸರದಿ. ಕೆಂಟ್ ಪ್ರಾಂತ್ಯದ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹೂಗಳ ಪೊಟ್ಟಣ ತೆರೆದಾಗ ಬಂದ ಪರಿಮಳದಲ್ಲಿ ಒಣಹುಲ್ಲು, ಜೇನು, ತುಸು ಮೆಣಸಿನ ಘಾಟು ಎಲ್ಲವೂ ಇದ್ದವು. ಅಮೆರಿಕದ ಈಚಿನ ತಳಿಗಳ ಹಾಗೆ ಮಾವು, ಚಕ್ಕೋತ ಎಂದು ಕೂಗಿ ಹೇಳುವ ಗುಣ ಅದಕ್ಕಿಲ್ಲ; ನನಗೆ ಗೋಲ್ಡಿಂಗ್ಸ್ ಹೆಚ್ಚು ಪ್ರಿಯವಾಗಿರುವುದು ಅದರಿಂದಲೇ. ಕುದಿಯ ಆರಂಭದಲ್ಲಿ 40 ಗ್ರಾಂ ಹಾಕಿದೆವು. ಹಾಪ್ಸ್‌ನ ಆಲ್ಫಾ ಆಮ್ಲಗಳು ಒಂದು ಗಂಟೆ ಕುದಿದಾಗ ರೂಪ ಬದಲಿಸಿ ನೀರಿನಲ್ಲಿ ಕರಗುವ ಕಹಿಯಾಗುತ್ತವೆ, ಆದರೆ ಪರಿಮಳದ ಎಣ್ಣೆಗಳು ಅಷ್ಟರಲ್ಲಿ ಹಬೆಯೊಡನೆ ಹಾರಿಹೋಗುತ್ತವೆ. ಆದ್ದರಿಂದ ಕೊನೆಯ ಕಾಲು ಗಂಟೆ ಇರುವಾಗ ಮತ್ತೆ 25 ಗ್ರಾಂ, ಬಾಯ್ಲರ್ ಆರಿಸಿದ ಮೇಲೆ ಒಂದು ಹಿಡಿ ಸೇರಿಸಿದೆವು.

ರಸ ತಿಳಿಯಾಗಲೆಂದು ಕುದಿಯ ಕೊನೆಯಲ್ಲಿ ಐರಿಶ್ ಮಾಸ್ ಎಂಬ ಕಡಲಪಾಚಿಯ ಒಂದು ಚಮಚವನ್ನೂ ಹಾಕಿದ್ದೆವು. ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಮಾತು ಹೇಳಬೇಕು. ಪೀಪಾಯಿಯ ಬಿಯರನ್ನು ತಿಳಿಗೊಳಿಸಲು ಬ್ರೂವರಿಗಳು ಬಹುಕಾಲದಿಂದ ಐಸಿಂಗ್ಲಾಸ್ ಬಳಸುತ್ತ ಬಂದಿವೆ. ಅದು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ. ಅದು ಯೀಸ್ಟನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಹಾಗಾಗಿ ನಾನು ಪಬ್ಬಿನಲ್ಲಿ ಕೇಳಿ ತಿಳಿದುಕೊಂಡೇ ಬಿಟರ್ ತೆಗೆದುಕೊಳ್ಳುತ್ತೇನೆ; ಈಚೆಗೆ ಅದಿಲ್ಲದೆ ಮಾಡುವ ಬ್ರೂವರಿಗಳು ಹೆಚ್ಚಾಗಿವೆ. ಮನೆಯ ಬಿಯರಿಗೆ ಅದರ ಅಗತ್ಯವೇ ಬೀಳುವುದಿಲ್ಲ, ತಂಪಿನಲ್ಲಿ ಕೆಲವು ವಾರ ಕಾದರೆ ತಾನಾಗಿ ತಿಳಿಯಾಗುತ್ತದೆ.

ತಾಮ್ರದ ಸುರುಳಿಯನ್ನು ಬಾಯ್ಲರಿಗೆ ಇಳಿಬಿಟ್ಟು, ಅದರೊಳಗೆ ತಣ್ಣೀರು ಹರಿಸಿ, ರಸವನ್ನು ಬೇಗನೆ 19 ಡಿಗ್ರಿಗೆ ತಂದೆವು. ಕುದಿ ನಿಂತ ಕ್ಷಣದಿಂದ ಶುಚಿತ್ವವೇ ಸರ್ವಸ್ವ. ರಸಕ್ಕೆ ತಾಗುವ ಚಮಚದಿಂದ ಹಿಡಿದು ಮುಚ್ಚಳದವರೆಗೆ ಎಲ್ಲವನ್ನೂ ಕ್ರಿಮಿನಾಶಕದಲ್ಲಿ ಅದ್ದಿದ್ದೆವು. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.039 ತೋರಿಸಿತು. 23 ಲೀಟರ್ ರಸಕ್ಕೆ ಎಸ್-04 ಎಂಬ ಇಂಗ್ಲಿಷ್ ಏಲ್ ಯೀಸ್ಟಿನ ಒಂದು ಪೊಟ್ಟಣ ಉದುರಿಸಿ ಮುಚ್ಚಿದಾಗ ಮಧ್ಯಾಹ್ನ ಎರಡೂವರೆ. ಮರುದಿನ ಬೆಳಗ್ಗೆ ಯೀಸ್ಟ್ ಮೇಲೆದ್ದು ಕೆನೆಬಣ್ಣದ ದಪ್ಪ ನೊರೆಯಾಗಿ ಪಾತ್ರೆಯ ಅಂಚಿನವರೆಗೂ ಬಂದಿತ್ತು. ವಾರದ ಕೊನೆಗೆ ಅಳತೆ 1.010ಕ್ಕೆ ಇಳಿದು ಅಲ್ಲಿಯೇ ನಿಂತಿತು. ಅಂದರೆ ಮದ್ಯಸಾರ ಶೇಕಡಾ 3.8. ಅದನ್ನು ಪ್ಲಾಸ್ಟಿಕ್ಕಿನ ಪ್ರೆಷರ್ ಬ್ಯಾರೆಲ್ಲಿಗೆ ಇಳಿಸಿ, ಎರಡನೆಯ ಹುದುಗಿಗೆಂದು 80 ಗ್ರಾಂ ಸಕ್ಕರೆ ಬೆರೆಸಿ, ಒಂದು ವಾರ ಬೆಚ್ಚಗಿಟ್ಟು, ಆಮೇಲೆ ಗ್ಯಾರೇಜಿನ ತಂಪಿಗೆ ಸಾಗಿಸಿದೆವು.

ನವೆಂಬರಿನ ಕೊನೆಗೆ ಮೊದಲ ಗ್ಲಾಸು ತುಂಬಿದಾಗ ಬಿಯರ್ ತಿಳಿಯಾಗಿತ್ತು, ಬಣ್ಣ ಹೊನ್ನಿಗಿಂತ ಒಂದು ಛಾಯೆ ಗಾಢ. ಯಾರ್ಕ್‌ಶೈರ್‌ನ ಪಬ್ಬುಗಳಲ್ಲಿ ಕೈಪಂಪಿನ ತುದಿಗೆ ಸ್ಪಾರ್ಕ್ಲರ್ ಎಂಬ ಸಣ್ಣ ರಂಧ್ರಗಳ ಬಿಲ್ಲೆ ಹಾಕಿ ದಟ್ಟವಾದ ನೊರೆ ಎಬ್ಬಿಸುವುದು ಪದ್ಧತಿ. ದಕ್ಷಿಣದವರಿಗೆ ಅದು ರುಚಿಸದಿದ್ದರೂ ಹಿರಿಯರಿಗೆ ನೊರೆಯಿಲ್ಲದ ಬಿಟರ್ ಬಿಟರೇ ಅಲ್ಲ. ಅವರು ಮಕ್ಕಳಿಗೆ ಔಷಧಿ ಕುಡಿಸುವ ಸಿರಿಂಜಿನಿಂದ ಗ್ಲಾಸಿನ ಬಿಯರನ್ನು ಸ್ವಲ್ಪ ಎಳೆದು, ಮತ್ತೆ ಅದರೊಳಕ್ಕೇ ಜೋರಾಗಿ ಚಿಮ್ಮಿಸಿದರು. ಬೆರಳಗಲದ ಬಿಳಿ ನೊರೆ ಎದ್ದು ನಿಂತಿತು. ಒಂದು ಗುಟುಕು ಕುಡಿದು ತುಸು ಹೊತ್ತು ಸುಮ್ಮನಿದ್ದು, ‘ಮೊದಲ ಗುಟುಕು ಚೆನ್ನಾಗಿದೆ. ಕಹಿ ಇನ್ನೂ ಒಣಗಿ ಮುಗಿಯಬೇಕು, ಇನ್ನೊಂದು ಗುಟುಕು ಬೇಕೆನಿಸುವಂತೆ’ ಎಂದರು. ನನಗೂ ಹಾಗೆಯೇ ಅನಿಸಿತ್ತು: ಬಿಸ್ಕತ್ತಿನ ರುಚಿ, ಗೋಲ್ಡಿಂಗ್ಸ್‌ನ ಪರಿಮಳ ಎರಡೂ ಬಂದಿದ್ದವು, ಕೊನೆ ಮಾತ್ರ ತುಸು ದುಂಡಗಾಗಿತ್ತು. ಅಲ್ಲಿಯೇ ಕುಳಿತು ಮುಂದಿನ ಸಲಕ್ಕೆ ಜಿಪ್ಸಂ 12 ಗ್ರಾಂ, ಮ್ಯಾಶಿನ ಶಾಖ 66, ಬ್ಯಾರೆಲ್ಲಿನೊಳಗೆ 20 ಗ್ರಾಂ ಗೋಲ್ಡಿಂಗ್ಸ್ ಎಂದು ಅವರ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆವು. ಕ್ರಿಸ್ಟಲ್ ಮಾಲ್ಟನ್ನು ಪೂರ್ತಿ ಬಿಡಬೇಕೇ ಬೇಡವೇ ಎಂಬುದರಲ್ಲಿ ನಮ್ಮಿಬ್ಬರಿಗೆ ಇನ್ನೂ ಒಮ್ಮತವಾಗಿಲ್ಲ.