ಅಕ್ಕನ ಟಿಕ್‌ಟಾಕ್, ಮೊಂಟಾನಾದ ಟಿಕ್‌ಟಾಕ್

ಡಿಸೆಂಬರ್ 1, 2023, ಶುಕ್ರವಾರ. ಮಿಜೂಲಾ, ಮೊಂಟಾನಾ.

ಚೀನಾ ಮೂಲದ ಟಿಕ್‌ಟಾಕ್‌ಗೆ ಮೊಂಟಾನಾ ರಾಜ್ಯ ಹಾಕಿದ ನಿಷೇಧಕ್ಕೆ ಇಲ್ಲಿನ ಫೆಡರಲ್ ಕೋರ್ಟ್ ನಿನ್ನೆ ತಡೆ ಕೊಟ್ಟಿದೆ ಅಂತ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅಷ್ಟೇ, ಶುರುವಾಯಿತು.

"ಅಲ್ಲ ಕಣೇ, ಸರ್ಕಾರ ಬೇಡ ಅಂದಿದ್ದನ್ನ ಜಡ್ಜು ಬೇಕು ಅನ್ನೋಕಾಗತ್ತಾ?"

ಬೇಕು ಅಂದಿಲ್ಲ ಮಾರಾಯ್ತಿ, ಕೇಸು ಮುಗಿಯೋ ತನಕ ಜಾರಿ ಮಾಡಬೇಡಿ ಅಂದಿದ್ದಾರೆ ಅಂದೆ. ಶಿವಮೊಗ್ಗದಲ್ಲಿ ಆಗ ಬೆಳಗಿನ ಹೊತ್ತು, ಹಿಂದೆ ಕುಕ್ಕರ್ ಕೂಗುತ್ತಿತ್ತು. ಅವಳು ಕೇಳಿಸಿಕೊಂಡಳೋ ಇಲ್ಲವೋ.

ಗವರ್ನರ್ ಜಿಯಾನ್‌ಫೋರ್ಟೆ ಮೇ 17ರಂದು ಸಹಿ ಹಾಕಿದ ಕಾನೂನು ಇದು. ಜನವರಿ 1ರಿಂದ ಜಾರಿ ಆಗಬೇಕಿತ್ತು. ಇಡೀ ರಾಜ್ಯಕ್ಕೇ ಟಿಕ್‌ಟಾಕ್ ಬಂದ್ ಮಾಡಲು ಅಮೆರಿಕದಲ್ಲಿ ಮೊದಲು ಹೊರಟವರು ನಾವೇ. ನೋಡುವವರಿಗೆ ದಂಡ ಇಲ್ಲ. ಕಂಪನಿಗೆ, ಆಪ್ ಸ್ಟೋರ್‌ಗೆ ದಿನಕ್ಕೆ 10,000 ಡಾಲರ್. ಐ-90 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಲುಕ್‌ಔಟ್ ಪಾಸ್, ಆಚೆ ಐಡಾಹೊ. ಘಾಟಿಯ ಈ ಬದಿಯಲ್ಲಿ ಡೌನ್‌ಲೋಡ್ ಕೊಟ್ಟರೆ ದಂಡ, ಆ ಬದಿಯಲ್ಲಿ ಏನೂ ಇಲ್ಲ. ಇದನ್ನು ಹೇಗೆ ಜಾರಿ ಮಾಡ್ತಾರೆ ಅಂತ ನನಗೆ ಮೊದಲಿಂದಲೂ ನಗು.

ಜಡ್ಜ್ ಮಲಾಯ್ ಮೂರು ಮಾತು ಹೇಳಿದ್ದಾರೆ. ಜನರ ಮಾತಿನ ಹಕ್ಕಿಗೆ ಪೆಟ್ಟು. ವಿದೇಶದ ವಿಚಾರ ಕೇಂದ್ರದ್ದು, ರಾಜ್ಯದ್ದಲ್ಲ. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೂ ಅಡ್ಡಿ. ಇಷ್ಟಲ್ಲದೆ, ರಾಜ್ಯ ಸರ್ಕಾರಕ್ಕೆ ಮೊಂಟಾನಾದ ಜನರನ್ನು ಕಾಯುವುದಕ್ಕಿಂತ ಚೀನಾಕ್ಕೆ ಗುರಿಯಿಡುವ ಆಸೆಯೇ ಜಾಸ್ತಿ ಇದ್ದಂತಿದೆ ಅನ್ನುವ ಅರ್ಥದ ಮಾತನ್ನೂ ಬರೆದಿದ್ದಾರೆ. ಇರಬಹುದು. ಫೆಬ್ರವರಿಯಲ್ಲಿ ಇದೇ ರಾಜ್ಯದ ಬಿಲ್ಲಿಂಗ್ಸ್ ಊರಿನ ಮೇಲೆ ಆ ಚೀನಾ ಬೇಹುಗಾರಿಕೆ ಬಲೂನು ತೇಲಿಕೊಂಡು ಹೋದಾಗಿನಿಂದ ಇಲ್ಲಿ ಯಾರಿಗೂ ಸಮಾಧಾನ ಇಲ್ಲ, ಅಂಗಡಿಯಲ್ಲಿ ನಿಂತರೂ ಅದೇ ಮಾತಾಗಿತ್ತು.

ಅಕ್ಕ ಸುಮ್ಮನಿದ್ದಳು. ಆಮೇಲೆ, "ನಮ್ಮದು ಹೋದಾಗ ಯಾರು ಕೇಳಿದ್ರೇ?" ಅಂದಳು.

2020ರ ಜೂನ್ 29. ಭಾರತದಲ್ಲಿ ಒಂದೇ ಏಟಿಗೆ 59 ಚೀನೀ ಆಪ್ ಬಂದ್, ಟಿಕ್‌ಟಾಕ್ ಕೂಡ. ಗಡಿಯಲ್ಲಿ ಸೈನಿಕರು ಸತ್ತಿದ್ದರು, ಆಗ ಎದುರು ಮಾತಾಡುವ ಮನಸ್ಸು ಯಾರಿಗಿತ್ತು? ನನಗೂ ಇರಲಿಲ್ಲ. ಆದರೆ ಅಕ್ಕನ ಅಡುಗೆ ವೀಡಿಯೋಗಳೆಲ್ಲ ಅದರಲ್ಲೇ ಇದ್ದವು. ಪತ್ರೊಡೆಯದ್ದು ನನಗೆ ಈಗಲೂ ನೆನಪಿದೆ. ಅಮ್ಮ ಕೆಸುವಿನ ಎಲೆ ಮಗುಚಿ ನಾರು ಸೀಳಿ ಹಿಟ್ಟು ಹಚ್ಚುತ್ತಾ, ಕ್ಯಾಮರಾ ನೋಡದೇ "ಸಾಕು ನಿಲ್ಸೇ, ಕೈ ಮಾತ್ರ ತೆಗಿ" ಅಂತ ಗದರುವುದು. ಅದರ ಕಾಪಿ ಯಾರ ಹತ್ತಿರವೂ ಇಲ್ಲ.

ನಾನು ಹುರುಪಿನಲ್ಲಿ, ಇಲ್ಲಿ ಐದು ಜನ ವೀಡಿಯೋ ಮಾಡುವವರು ಕಾನೂನಿಗೆ ಸಹಿ ಬಿದ್ದ ಬೆನ್ನಿಗೇ ಕೋರ್ಟಿಗೆ ಹೋದರು ಗೊತ್ತಾ ಅಂದೆ. ಈಜುಡುಗೆ ಹೊಲಿದು ಮಾರುವವಳೊಬ್ಬಳು, ದನ ಸಾಕುವವಳೊಬ್ಬಳು.

"ವಕೀಲರ ಫೀಸು?"

ಕಂಪನಿ ಕೊಟ್ಟಿತು ಅನ್ನಲೇಬೇಕಾಯಿತು. ಅಕ್ಕ ನಕ್ಕ ನಗುವಿಗೆ ಮೈ ಉರಿದುಹೋಯಿತು.

ದುಡ್ಡು ಯಾರದ್ದೇ ಇರಲಿ. ಟಿಕ್‌ಟಾಕ್ ಸಾಚಾ ಅಂತ ನಾನೂ ಹೇಳಲ್ಲ. ಆದರೆ ಅಕ್ಟೋಬರ್‌ನಲ್ಲಿ ಇದೇ ಊರಿನ ಕೋರ್ಟಿನಲ್ಲಿ ಜಡ್ಜು, ಬೇರೆ ಯಾವ ರಾಜ್ಯವೂ ಮಾಡದ್ದನ್ನು ನೀವೊಬ್ಬರೇ ಮಾಡ್ತಿರೋದು ವಿಚಿತ್ರ ಅನ್ನಿಸಲ್ವಾ ಅಂತ ಸರ್ಕಾರಿ ವಕೀಲರನ್ನೇ ಕೇಳಿದರಲ್ಲ, ಆ ಪ್ರಶ್ನೆಗೆ ಎಲ್ಲರೆದುರು ನಿಂತು ಉತ್ತರ ಕೊಡಬೇಕಾಯಿತಲ್ಲ, ನನಗೆ ಬೇಕಾಗಿದ್ದು ಅದು. ಅಕ್ಕನಿಗೆ ಅಷ್ಟೂ ಸಿಗಲಿಲ್ಲ.

"ವಿದೇಶದ ವಿಚಾರ ಕೇಂದ್ರದ್ದು ಅಂತಾನಲ್ಲ ನಿನ್ನ ಜಡ್ಜು, ನಾಳೆ ವಾಷಿಂಗ್ಟನ್ನಿನವರೇ ಇದೇ ಕಾನೂನು ತಂದ್ರೆ ಏನ್ಮಾಡ್ತೀರಿ?" ಅಂದಳು. ಅಷ್ಟರಲ್ಲಿ ಸಿಲಿಂಡರ್ ಬಂತು, ಫೋನ್ ಇಟ್ಟಳು.

ಆಗ ಮೂರರಲ್ಲಿ ಎರಡು ಕಾರಣ ತಾನಾಗೇ ಬಿದ್ದುಹೋಗುತ್ತವೆ. ಉಳಿಯುವುದು ಮಾತಿನ ಹಕ್ಕೊಂದೇ. ಅದರ ಮುಂದೆ ದೇಶದ ಭದ್ರತೆ ಅಂತ ತಂದಿಟ್ಟರೆ ಯಾವ ಜಡ್ಜು ತಾನೇ...