1865ರ ನಂತರದ ಪಾಠ

ಎರಡನೆಯ ಬಿ.ಎ.ಯಲ್ಲಿ ನಮಗೆ ಅಮೆರಿಕದ ಇತಿಹಾಸವಿತ್ತು. ಗೈಡಿನ ಲೆಕ್ಕದಲ್ಲಿ ಗುಲಾಮಗಿರಿ 1865ರ ಸಂವಿಧಾನದ 13ನೆಯ ತಿದ್ದುಪಡಿಗೆ ಮುಗಿದುಹೋಗಿತ್ತು. ನಮ್ಮ ಮೇಷ್ಟ್ರಿಗೆ ಪಾಠ ರಂಗೇರುತ್ತಿದ್ದುದೇ ಅಲ್ಲಿಂದ.

ಮೊದಲು ನನ್ನ ಟಿಪ್ಪಣಿಯಲ್ಲಿದ್ದ ‘ಜೀತ’ ಎಂಬ ಪದವನ್ನು ಹೊಡೆದುಹಾಕಿದರು. ‘ಜೀತಕ್ಕೆ ಕಾಗದದ ಮೇಲಾದರೂ ಒಂದು ಸಾಲ ಇರುತ್ತದಯ್ಯಾ. ಅಲ್ಲಿ ತಾಯಿ ಗುಲಾಮಳಾಗಿದ್ದರೆ ಹುಟ್ಟಿದ ಕೂಸೂ ಗುಲಾಮ. ವರ್ಜೀನಿಯಾದಲ್ಲಿ 1662ರಲ್ಲೇ ಹಾಗೆಂದು ಕಾನೂನಾಗಿತ್ತು.’

ಇನ್ನೊಂದು ದಿನ ಕೇಳಿದರು: 1862ರಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಗುಲಾಮರನ್ನು ಬಿಡುಗಡೆ ಮಾಡಿದಾಗ ಸರ್ಕಾರ ತಲೆಗೆ ಸರಾಸರಿ 300 ಡಾಲರ್‌ವರೆಗೆ ಪರಿಹಾರ ಕೊಟ್ಟಿತು, ಯಾರಿಗೆ? ಮುಂದಿನ ಬೆಂಚಿನ ನಾನು ಎದ್ದು ನಿಂತು ‘ಗುಲಾಮರಿಗೆ ಸಾರ್’ ಎಂದೆ. ಕೊಟ್ಟಿದ್ದು ಒಡೆಯರಿಗೆ. ಬಿಡುಗಡೆಯಾದವರಿಗೂ 100 ಡಾಲರ್‌ವರೆಗೆ ಇತ್ತು, ದೇಶ ಬಿಟ್ಟು ಹೋಗುವುದಾದರೆ!

1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಕರಾವಳಿಯ ಜಮೀನನ್ನು ಬಿಡುಗಡೆಯಾದ ಗುಲಾಮರಿಗೆ, ಕುಟುಂಬಕ್ಕೆ 40 ಎಕರೆಯವರೆಗೆ ಹಂಚಲು ಆದೇಶಿಸಿದ. ವರ್ಷ ಮುಗಿಯುವ ಮೊದಲೇ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಳೆಯ ಒಡೆಯರಿಗೆ ಮರಳಿಸತೊಡಗಿದ. ನೆಲವಿಲ್ಲದವರು ಮತ್ತೆ ಒಡೆಯರ ಹೊಲವನ್ನೇ ಕೋರಿಗೆ ಹಿಡಿದರು. ಬೀಜ, ದಿನಸಿ ಎಲ್ಲ ಸಾಲ. ಸುಗ್ಗಿಯಲ್ಲಿ ಲೆಕ್ಕ ಬರೆಯುವವನೂ ಒಡೆಯನೇ. ‘ಕೋರು’ ಎಂದೊಡನೆ ಹಿಂದಿನ ಬೆಂಚಿನವರೂ ತಲೆ ಎತ್ತಿದರು. ಅದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನಗೆ ಕಣ್ಣಿಗೆ ಕಟ್ಟಿದಂತಿರುವುದು ಕೆಂಪು ಸೀಮೆಸುಣ್ಣ. ಹಲಗೆಯ ಮೇಲೆ ಒಂದು ಊರು ಬರೆದು ಅದರ ಮೂಲೆಯೊಂದಕ್ಕೆ ಕೆಂಪು ಬಳಿದರು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿಸಿ, ಕಪ್ಪು ಜನರ ಬಡಾವಣೆಗಳಿಗೆ ಹೀಗೆಯೇ ಬಣ್ಣ ಹಾಕಿಸಿತ್ತು. ಕೆಂಪು ಎಂದರೆ ಇಲ್ಲಿ ಮನೆಸಾಲ ಅಪಾಯ ಎಂದರ್ಥ. ಸಾಲ ಸಿಗದವರಿಗೆ ಸ್ವಂತ ಮನೆ ಆಗಲಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಏನೂ ಉಳಿಯಲಿಲ್ಲ. ಶಾಲೆಗಳ ಹಣದಲ್ಲಿ ದೊಡ್ಡ ಪಾಲು ಆಸ್ತಿ ತೆರಿಗೆಯಿಂದಲೇ ಬರುವ ದೇಶ ಅದು. ಮನೆಗಳ ಬೆಲೆ ಇಳಿದರೆ ಶಾಲೆಯೂ ಬಡವಾಗುತ್ತದೆ. ಅಂದು ಮೇಷ್ಟ್ರು ಹಲಗೆ ಒರೆಸದೆ ಹೊರಟುಹೋದರು. ಮರೆತರೋ, ಬೇಕೆಂದೇ ಬಿಟ್ಟರೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪರೀಕ್ಷೆಯಲ್ಲಿ ಬಂದದ್ದು ‘ಲಿಂಕನ್ನನ ಸಾಧನೆಗಳನ್ನು ವಿವರಿಸಿ’ ಎಂಬ ಪ್ರಶ್ನೆ. ನಾನು ಜಾನ್ಸನ್ನನಿಂದ ಕೆಂಪು ನಕ್ಷೆಯವರೆಗೆ ಮೂರು ಪುಟ ತುಂಬಿಸಿ, ಹೊರಗೆ ಸಿಕ್ಕ ಮೇಷ್ಟ್ರಿಗೆ ಹೆಮ್ಮೆಯಿಂದ ಹೇಳಿದೆ. ಅವರ ಮುಖ ಸಪ್ಪಗಾಯಿತು.

‘ಲಿಂಕನ್ನನ ಬಗ್ಗೆಯೂ ಒಂದೆರಡು ಸಾಲು ಬರೆದೆ ತಾನೇ?’